ಸೌರಮಾರುತಕ್ಕೆ ಎದುರಾಗಿ ಶುಕ್ರನ ಕಡೆ ಹೋಗಬಹುದೇ?

ಪ್ರಶ್ನೆ: ಸರ್, ಕಾಲೇಜಿನ ಸೆಮಿನಾರ್‌ಗೆ ಎಲೆಕ್ಟ್ರಿಕ್ ಸೌರಮಾರುತ ಹಾಯಿಯ ವಿಷಯ ತೆಗೆದುಕೊಂಡಿದ್ದೇನೆ. ಸೌರಮಾರುತ, ಅಂದರೆ ಸೂರ್ಯ ಉಗುಳುವ ವಿದ್ಯುತ್ ಕಣಗಳ ಗಾಳಿ, ಸೂರ್ಯನಿಂದ ಹೊರಕ್ಕೇ ಬೀಸುತ್ತದೆ. ಹಾಗಿದ್ದರೆ ಈ ಹಾಯಿಯ ನೌಕೆ ಒಳಗಿರುವ ಶುಕ್ರನ ಕಡೆ ಹೋಗುವುದು ಹೇಗೆ? ಆ ಗಾಳಿಯೂ ದಿನಕ್ಕೊಂದು ಥರ ಇರುತ್ತದಂತೆ. ಮತ್ತೆ ದಾರಿಯ ಲೆಕ್ಕ ಹಾಕುವುದು ಹೇಗೆ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ವಿಜಯನಗರ, ಬೆಂಗಳೂರು

ಉತ್ತರ: ಹೋಗಬಹುದು. ಶುಕ್ರ ಬೇಕೆಂದರೆ ಸೂರ್ಯನತ್ತ ತಳ್ಳಬೇಕು ಅನ್ನಿಸುತ್ತದೆ, ಅಲ್ವಾ? ಬೇಕಿಲ್ಲ. ಭೂಮಿ ಬಿಟ್ಟ ನೌಕೆಯೂ ಭೂಮಿಯ ಹಾಗೆಯೇ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿರುತ್ತದೆ. ಆ ಓಟಕ್ಕೆ ಚೂರು ಚೂರೇ ತಡೆ ಒಡ್ಡಿದರೆ ಸಾಕು. ಒಳಕ್ಕೆ ಎಳೆದುಕೊಳ್ಳುವ ಕೆಲಸ ಸೂರ್ಯನದು.

ಈ ಹಾಯಿಯಲ್ಲಿ ಬಟ್ಟೆಯೇ ಇಲ್ಲ. 2004ರಲ್ಲಿ ಫಿನ್ಲೆಂಡಿನ ಪೆಕ್ಕಾ ಯಾನ್‌ಹುನೆನ್ ಮುಂದಿಟ್ಟ ಯೋಚನೆ ಇದು. ಕೂದಲಿಗಿಂತ ತೆಳುವಾದ, ಸುಮಾರು 20 ಕಿ.ಮೀ. ಉದ್ದದ ತಂತಿಗಳು ತಿರುಗುವ ನೌಕೆಯಿಂದ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಚಾಚಿರುತ್ತವೆ. ಅವಕ್ಕೆ ಸುಮಾರು 20 ಸಾವಿರ ವೋಲ್ಟ್ ಪಾಸಿಟಿವ್ ವಿದ್ಯುತ್ ಕೊಡುತ್ತಾರೆ. ಸೌರಮಾರುತದ ಪ್ರೋಟಾನ್‌ಗಳು, ಅಂದರೆ ಪಾಸಿಟಿವ್ ಕಣಗಳು, ಹತ್ತಿರ ಬಂದಾಗ ದಿಕ್ಕು ಬದಲಿಸುತ್ತವೆ, ತಂತಿಯನ್ನು ತಳ್ಳಿ ಹೋಗುತ್ತವೆ.

ಸುಮ್ನೆ ಒಂದು ಲೆಕ್ಕ ಮಾಡೋಣ. ಇಂಥ 100 ತಂತಿಗಳಿದ್ದರೆ ಭೂಮಿಯಷ್ಟು ದೂರದಲ್ಲಿ ಸುಮಾರು 1 ನ್ಯೂಟನ್ ಬಲ ಸಿಗುತ್ತದೆ. ನೌಕೆ 1,000 ಕೆ.ಜಿ. ಇರಲಿ. ಹಾಯಿಯನ್ನು 45 ಡಿಗ್ರಿ ವಾಲಿಸಿದರೆ ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ನೌಕೆಯ ಓಟಕ್ಕೆ ಎದುರಾಗುತ್ತದೆ. ದಿನವಿಡೀ ಹೀಗೇ ಇಟ್ಟರೆ ಸೆಕೆಂಡಿಗೆ 21 ಮೀಟರ್‌ನಷ್ಟು ಬ್ರೇಕ್ ಹಾಕಿದ ಹಾಗೆ. ತಿಂಗಳುಗಟ್ಟಲೆ ಇಟ್ಟರೆ ನೌಕೆ ಸುರುಳಿ ಸುತ್ತುತ್ತಾ ಒಳಕ್ಕಿಳಿಯುತ್ತದೆ. ಇಳಿಯುತ್ತಾ ಸೂರ್ಯನ ಸೆಳೆತದಿಂದ ವೇಗ ಕಡಿಮೆಯಾಗುವ ಬದಲು ಜಾಸ್ತಿಯೇ ಆಗುತ್ತದೆ! ಸೆಮಿನಾರ್‌ನಲ್ಲಿ ಇದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ, ತಯಾರಾಗಿರಿ. ಇನ್ನೊಂದು ಕಡೆಗೆ ವಾಲಿಸಿದರೆ ಮಂಗಳನ ದಾರಿ.

ಗಾಳಿಯ ಬಗ್ಗೆ ನೀವು ಕೇಳಿರುವುದು ನಿಜ. ಸೆಕೆಂಡಿಗೆ 300 ಕಿ.ಮೀ. ಇದ್ದದ್ದು 800ಕ್ಕೂ ಹೋಗುತ್ತದೆ, ಸಾಂದ್ರತೆಯಂತೂ ಇನ್ನೂ ಏರುಪೇರು. ಹಾಗಾಗಿ ಪೂರ್ತಿ ವೋಲ್ಟೇಜ್ ನಂಬಿ ದಾರಿ ಹಾಕಬಾರದು. ಸ್ವಲ್ಪ ಉಳಿಸಿಕೊಂಡು ಲೆಕ್ಕ ಹಾಕಬೇಕು. ಗಾಳಿ ಸೊರಗಿದಾಗ ವೋಲ್ಟೇಜ್ ಏರಿಸಬೇಕು, ಜೋರಾದಾಗ ಇಳಿಸಬೇಕು. ಆದರೂ ಉಳಿಯುವ ತಪ್ಪನ್ನು ದಾರಿಯುದ್ದಕ್ಕೂ ತಿದ್ದುತ್ತಾ ಹೋಗಬೇಕು.

ಒಂದು ಷರತ್ತಿದೆ. ಭೂಮಿಯ ಕಾಂತಕ್ಷೇತ್ರದೊಳಗೆ ಈ ಗಾಳಿ ಬರುವುದಿಲ್ಲ. ಅದನ್ನು ದಾಟುವವರೆಗೆ ನೌಕೆಯನ್ನು ರಾಕೆಟ್ಟೇ ಒಯ್ಯಬೇಕು.

ನನಗಂತೂ ಲೆಕ್ಕಕ್ಕಿಂತ ತಂತಿಯದೇ ಚಿಂತೆ. 2013ರಲ್ಲಿ ಹಾರಿದ ಎಸ್ಟೋನಿಯಾದ ಪುಟ್ಟ ಉಪಗ್ರಹ ಎಸ್ಟ್‌ಕ್ಯೂಬ್-1 ಇಂಥ ತಂತಿಯನ್ನು ಪರೀಕ್ಷಿಸಲು ಕೆಲವೇ ಮೀಟರ್ ಬಿಚ್ಚಬೇಕಿತ್ತು. ತಂತಿ ಸುತ್ತಿಟ್ಟಿದ್ದ ಸುರುಳಿ ತಿರುಗಲೇ ಇಲ್ಲ.