ಇಂಗ್ಲೆಂಡಿನ ಓಟಿ (ಆಕ್ಯುಪೇಶನಲ್ ಥೆರಪಿಸ್ಟ್) ಕೆಲಸ: ಹೂಂ ಅನ್ನೂಕಿಂತ ಮೊದಲ ಏನು ಕೇಳಬೇಕು

ತಂಗೀ, ನೀನು ಹುಬ್ಬಳ್ಳಿಯಾಗ ಮಕ್ಕಳ ಥೆರಪಿ ಸೆಂಟರಿನಾಗ ಆಕ್ಯುಪೇಶನಲ್ ಥೆರಪಿಸ್ಟ್, ಅಂದ್ರ ದಿನದ ಕೆಲಸ ತಾವ ಮಾಡ್ಕೊಳ್ಳಾಕ ನೆರವಾಗೋ ಓಟಿ. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಎರಡು ಬ್ಯಾಂಡ್ 5 (ಹೊಸಬರ ಪಗಾರ ದರ್ಜೆ) ಆಫರ್ ಬಂದಾವ, ಒಂದು ಆಸ್ಪತ್ರೆ ವಾರ್ಡು, ಒಂದು ಕಮ್ಯುನಿಟಿ, ಅಂದ್ರ ಮನಿಮನಿಗೆ ಹೋಗಿ ನೋಡೋ ಕೆಲಸ, ಎಲ್ಲೆ ಮನಸ್ಸು ಹತ್ತತದ ಅಂತ ಕೇಳೀದಿ. ಲಂಡನ್ ಭತ್ಯೆ ಬಿಟ್ರ ಇಂಗ್ಲೆಂಡಿನ ತುಂಬ ಆ ಬ್ಯಾಂಡಿಗೆ ಪಗಾರ ಒಂದ. ವಾರಕ್ಕ 37.5 ತಾಸು, ಸೇರಿದಾಗ ವರ್ಷಕ್ಕ 27 ದಿನ ರಜಾ, ಸರಕಾರಿ ರಜಾ ಬ್ಯಾರೆ. ಹಂಗಾಗಿ ಖುಷಿ-ಬ್ಯಾಸರ ನಿಂತಿರೂದು ಬ್ಯಾರೆ ಸಂಗತಿ ಮ್ಯಾಲೆ.

ವಾರ್ಡಿನಾಗ ಬೆಡ್ ಖಾಲಿ ಮಾಡಸೋ ಅವಸರ ಭಾಳ. ಸೊಂಟದ ಕೀಲು ಬದಲಿಸಿದ ಅಜ್ಜಿಗೆ ಮೊಣಕಾಲ ಹಿಂದಿನಿಂದ ನೆಲದ ತನಕ ಅಳತಿ ತಗೋತೀ, ಮನಿಯವರು ಬರದು ಕೊಟ್ಟ ಕುರ್ಚಿ, ಮಂಚ, ಕಮೋಡಿನ ಎತ್ತರಕ್ಕ ಹಚ್ಚಿ ನೋಡ್ತೀ. ಕಮೋಡು 40 ಸೆಂಟಿಮೀಟರ್ ಇದ್ದು ಆಕಿಗೆ 50 ಬೇಕಂದ್ರ 4 ಇಂಚಿನ ಸೀಟು ಏರಸಬೇಕು. ಮನಿಯವರು ಟೇಪು ಹಿಡೀಲಾರದ ಅಂದಾಜಿಲೆ ಬರದ್ರ ಸೀಟು ತಪ್ತದ, ಅಜ್ಜಿ ಎದ್ದೇಳೂವಾಗ ಬೀಳೋ ಅಪಾಯ ಇರ್ತದ. ಇಷ್ಟೆಲ್ಲಾ ಮಾಡಿ ಕಳಿಸಿದ ಮ್ಯಾಲೆ, ಆಕಿ ಮನ್ಯಾಗ ತನ್ನ ಚಹಾ ತಾನ ಮಾಡ್ಕೊಂಡ್ಳೋ ಇಲ್ಲೋ ನಿನಗ ತಿಳಿಯೂದಿಲ್ಲ. ಓಟಿಗಳಿಗೆ ವಾರ್ಡಿನ ಕೆಲಸ ಸಪ್ಪಗ ಆಗೂದು ಬಹುಶಃ ಇದಕ್ಕ.

ಕಮ್ಯುನಿಟಿಯಾಗ ಅದು ಕಣ್ಣಿಗೆ ಕಾಣ್ತದ. ಮನಿಗೇ ಹೋಗಿ, ಮಹಡಿ ಮೆಟ್ಟಲಿಗೆ ಎರಡನೇ ಕೈಹಿಡಿ ಹಾಕಸಾಕ ಬರೆದು ಕೊಟ್ಟು, ಮುಂದ ಅವರು ಏರೂದನ್ನ ನೋಡಬಹುದು. ಕಾಯೋರ ಪಟ್ಟಿ ಉದ್ದ ಇರ್ತದ, ಒಂಟಿಯಾಗಿ ತಿರಗಬೇಕು, ಕಾರು ಬೇಕು. ಭಾರತದ ಲೈಸೆನ್ಸ್ ಇಂಗ್ಲೆಂಡಿನಾಗ ನೆಲಿಸಿದ ಮ್ಯಾಲೆ 12 ತಿಂಗಳಷ್ಟ ನಡೀತದ. ಅಷ್ಟರೊಳಗ ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷಾ ಪಾಸಾಗು.

ನನ್ನ ಕೇಳಿದ್ರ ಎಲ್ಲಕ್ಕಿಂತ ದೊಡ್ಡದು ಸೂಪರ್ವಿಜನ್. ನೀನು ಮಕ್ಕಳ ಕೆಲಸದಿಂದ ದೊಡ್ಡವರ ಕೆಲಸಕ್ಕ ಬರಾಕಿ. ತಿಂಗಳಿಗೊಮ್ಮೆ ಒಂದು ತಾಸು ಹಿರಿಯ ಓಟಿ ಕೂತು ನಿನ್ನ ಕೇಸು ನೋಡ್ತಾರೇನು? ಒಬ್ಬರ ಕೈಯಾಗ ಎಷ್ಟು ಕೇಸು? ಎಷ್ಟು ಹುದ್ದೆ ಖಾಲಿ ಅದಾವ? ಖಾಲಿ ಇದ್ದಷ್ಟು ಆ ಭಾರ ನಿನ್ನ ಮ್ಯಾಲೆ. ಮಾನಸಿಕ ಆರೋಗ್ಯದ ತಂಡ ಆದ್ರ ಇನ್ನೊಂದು ಕೇಳು: ಓಟಿ ಕೆಲಸ ಎಷ್ಟು, ಎಲ್ಲರೂ ಮಾಡೋ ಸಾಮಾನ್ಯ ಕೇಸು ನೋಡೂದು ಎಷ್ಟು? ಸ್ವಂತ ವಿದ್ಯಾ ಬಳಸಲಾರದ ಕೂತಾಗ ಬರೋ ಬ್ಯಾಸರ ಪಗಾರದಿಂದ ಹೋಗೂದಿಲ್ಲ.

ಆಫರ್ ಕೊಟ್ಟವರಿಗೆ ಇವನ್ನ ಕೇಳಾಕ ನಾಚಬ್ಯಾಡ. ವೀಸಾ ಪ್ರಾಯೋಜಕರಿಗೆ (ಸ್ಪಾನ್ಸರ್, ಅಂದ್ರ ಕೆಲಸ ಕೊಟ್ಟವರು) ಕಟ್ಟಿರ್ತದ, ಕೆಲಸ ಬದಲಿಸಬೇಕಂದ್ರ ಹೊಸ ಪ್ರಾಯೋಜಕರು, ಹೊಸ ಅರ್ಜಿ. ಸಹಿ ಹಾಕೂಕಿಂತ ಮೊದಲ, ಅದೇ ತಂಡದ ಒಬ್ಬ ಬ್ಯಾಂಡ್ 5 ಓಟಿ ಜೋಡಿ ಹತ್ತು ನಿಮಿಷ ಫೋನಿನಾಗ ಮಾತಾಡಸ್ರಿ ಅಂತ ಮ್ಯಾನೇಜರಿಗೆ ಈಮೇಲ್ ಹಾಕು.