ಸೊರಗು ರೋಗದ ಬ್ಯಾಕ್ಟೀರಿಯಾ ಪ್ಲೇಟಿನಲ್ಲಿ ಬೆಳೆದು ಬೆಳೆದು ಸಪ್ಪೆಯಾಗೋದು ಯಾಕೆ?

ಟೊಮೇಟೊ ಗಿಡದಿಂದ ತೆಗೆದ ರಾಲ್‌ಸ್ಟೋನಿಯಾವನ್ನು (ಸೊರಗು ರೋಗ ತರುವ ಬ್ಯಾಕ್ಟೀರಿಯಾ ಇದೇ) ಐದಾರು ಸಲ ಹೊಸ ಪ್ಲೇಟಿಗೆ ದಾಟಿಸಿದ ಮೇಲೆ ಸಸಿಗಳು ಬಾಡುತ್ತಲೇ ಇಲ್ಲ, ಯಾವ ಜೀನ್ ಕೆಟ್ಟಿರಬಹುದು ಅಂತ ಕೇಳಿದ್ದೀರಿ. ನನ್ನ ಅನುಮಾನವೆಲ್ಲ ಪಿಎಚ್‌ಸಿಎ ಮೇಲೆ, ರೋಗ ತರುವ ಜೀನ್‌ಗಳನ್ನು ಚಾಲೂ ಮಾಡುವ ಜೀನ್ ಅದು.

ನಾನೂ ಇದೇ ಎಡವಟ್ಟು ಮಾಡಿದವನು. ಬ್ಯಾಕ್ಟೀರಿಯಾ ಬೆಳೆಸುವ ದ್ರವದ (ಬ್ರಾತ್) ಟ್ಯೂಬನ್ನು ಅಲುಗಾಡಿಸದೆ ಸುಮ್ನೆ ದಿನಗಟ್ಟಲೆ ಇಟ್ಟು, ಅದನ್ನೇ ಸಸಿಗಳ ಬುಡಕ್ಕೆ ಸುರಿದಿದ್ದೆ. ಒಂದೂ ಸೊರಗಲಿಲ್ಲ. ಸಪ್ಪೆಯಾದದ್ದು ಬ್ಯಾಕ್ಟೀರಿಯಾ ಅಂತ ತಿಳಿಯದೆ, ಸಸಿಯ ತಳಿಯದೇ ತಪ್ಪು ಅಂದುಕೊಂಡು ಒಂದು ತಿಂಗಳು ಹಾಳು ಮಾಡಿದೆ.

ಮೊದಲು ಟೆಟ್ರಾಜೋಲಿಯಂ ಅನ್ನೋ ಬಣ್ಣ ಕೊಡುವ ರಾಸಾಯನಿಕ ಹಾಕಿದ ಪ್ಲೇಟಿನಲ್ಲಿ ಬೆಳೆಸಿ ನೋಡಿ. ಸಸ್ಯರೋಗ ವಿಜ್ಞಾನಿ ಕೆಲ್ಮನ್ 1954ರಲ್ಲಿ ತೋರಿಸಿಕೊಟ್ಟ ಉಪಾಯ ಇದು, ಇವತ್ತಿಗೂ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ರೋಗ ತರುವ ಕಾಲೊನಿ ಲೋಳೆಲೋಳೆಯಾಗಿ ಹರಡಿರುತ್ತದೆ, ಬೆಳ್ಳಗೆ, ನಡುವೆ ತಿಳಿ ಗುಲಾಬಿ. ಸಪ್ಪೆಯಾದದ್ದು ಚಿಕ್ಕದು, ಒಣಕಲು, ಕಡು ಕೆಂಪು.

ಆ ಲೋಳೆಯೇ ಮುಖ್ಯ. ಗಿಡದ ನೀರಿನ ನಾಳ ಕಟ್ಟಿಕೊಳ್ಳುವುದು ಅದರಿಂದಲೇ. ಎಲೆ ಹಸಿರಾಗಿರುವಾಗಲೇ ಗಿಡ ಜೋತು ಬೀಳುತ್ತಲ್ಲ, ಅದಕ್ಕೇ. ಆದರೆ ಬ್ಯಾಕ್ಟೀರಿಯಾ ಯಾವಾಗಲೂ ಲೋಳೆ ಮಾಡುತ್ತಾ ಕೂರುವುದಿಲ್ಲ, ಅದು ದುಬಾರಿ ಕೆಲಸ. ಪ್ರತಿ ಜೀವಕೋಶವೂ ಒಂದು ಸಣ್ಣ ರಾಸಾಯನಿಕವನ್ನು ಹೊರಗೆ ಬಿಡುತ್ತಿರುತ್ತದೆ. ನಾಳದಲ್ಲಿ ಗುಂಪು ದಟ್ಟವಾದಾಗ ಅದರ ಪ್ರಮಾಣವೂ ಏರಿ, ಪಿಎಚ್‌ಸಿಎ ಎಚ್ಚರಗೊಳ್ಳುತ್ತದೆ. ಆಮೇಲೆ ಲೋಳೆಯ ಜೀನ್‌ಗಳು, ಕೋಶಭಿತ್ತಿ ಕರಗಿಸುವ ಕೆಲವು ಕಿಣ್ವಗಳು ಶುರು. ಅಂದರೆ ಇದು ತಲೆ ಎಣಿಸಿ ಹಾಕುವ ಸ್ವಿಚ್ಚು. ಪ್ಲೇಟಿನಲ್ಲಿ ಕೊಲ್ಲಬೇಕಾದ ಗಿಡವೇ ಇಲ್ಲ, ಅಲ್ವಾ? ಅಲ್ಲಿ ಈ ಜೀನ್ ಮುರಿದುಕೊಂಡವನು ಖರ್ಚು ಉಳಿಸಿ ಜಾಸ್ತಿ ಬೆಳೆಯುತ್ತಾನೆ. ಪ್ರತಿ ಸಲ ದಾಟಿಸುವಾಗ ನೀವು ಅವನನ್ನೇ ಹೆಚ್ಚೆಚ್ಚು ಎತ್ತಿಕೊಳ್ಳುತ್ತಿದ್ದೀರಿ.

ಕಾಲೊನಿ ಲೋಳೆಯಾಗಿಯೇ ಇದ್ದೂ ಗಿಡ ಬಾಡದಿದ್ದರೆ ಆಗ ಎಚ್‌ಆರ್‌ಪಿ ಜೀನ್‌ಗಳ ಕಡೆ ನೋಡಿ. ಗಿಡದ ಕೋಶಕ್ಕೆ ಪ್ರೋಟೀನ್ ಚುಚ್ಚುವ ಸೂಜಿಯನ್ನು ಕಟ್ಟುವುದು ಅವು. ಈ ಬ್ಯಾಕ್ಟೀರಿಯಾದ ಜಿನೋಮ್ ಎರಡು ತುಂಡು, 2002ರಲ್ಲಿ ಓದಿದ ಜಿಎಂಐ1000 ತಳಿಯಲ್ಲಿ 37 ಲಕ್ಷ ಮತ್ತು 21 ಲಕ್ಷ ಡಿಎನ್‌ಎ ಅಕ್ಷರ. ಪಿಎಚ್‌ಸಿಎ ದೊಡ್ಡದರಲ್ಲಿದೆ, ಎಚ್‌ಆರ್‌ಪಿ ಚಿಕ್ಕದರಲ್ಲಿ. ಸೂಜಿಯೇ ಹೋದರೆ ರೋಗವೂ ಹೋಯಿತು. ಆದರೆ ಸೂಜಿಯಿಂದ ಒಳಹೋಗುವ ಹತ್ತಾರು ಪ್ರೋಟೀನ್‌ಗಳಲ್ಲಿ ಒಂದನ್ನು ಕಳೆದುಕೊಂಡರೆ ಎಷ್ಟೋ ಸಲ ಏನೂ ಆಗುವುದಿಲ್ಲ, ಒಂದರ ಕೆಲಸವನ್ನು ಇನ್ನೊಂದು ನೋಡಿಕೊಳ್ಳುತ್ತದೆ. ಹಾಗಾಗಿ ಅವುಗಳ ಹಿಂದೆ ಮೊದಲೇ ಓಡಬೇಡಿ.

ಕೆಂಪು ಕಾಲೊನಿ ಬಂದರೆ ಅದನ್ನು ರಿಪೇರಿ ಮಾಡಲು ಕೂರಬೇಡಿ. ಹಳೆ ಸ್ಟಾಕ್ ಇದ್ದರೆ ಅದರಿಂದ ಶುರು ಮಾಡಿ, ಇಲ್ಲದಿದ್ದರೆ ಬಾಡಿದ ಗಿಡದಿಂದ ಹೊಸದಾಗಿ ತೆಗೆಯಿರಿ. ಲೋಳೆ ಕಾಲೊನಿಯನ್ನು ಅವತ್ತೇ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಗೆ ಹಾಕಿ. ಫ್ರೀಜರ್ ಇಲ್ಲದಿದ್ದರೆ ಶುದ್ಧ ಮಾಡಿದ ಬರೀ ನೀರಿನಲ್ಲಿ, ಕೋಣೆಯ ಬಿಸಿಗೇ ಇಡಿ. ನಂಬೋದು ಕಷ್ಟ, ಆದರೆ ಅದರಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಆ ನೀರನ್ನು ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಅಲ್ಲಿನ ತಂಪಿಗೆ ಅದು ಪ್ಲೇಟಿನಲ್ಲಿ ಮತ್ತೆ ಬೆಳೆಯದಂತಾಗುತ್ತದೆ.