ಬೇಕಲಕ್ಕೆ ಬರುವುದಾದರೆ ಎರಡು ಹೆಸರು ಕಲಿತು ಬನ್ನಿ

"ಕೇರಳದವರಾಗಿ ಕನ್ನಡ ಇಷ್ಟು ಚೆನ್ನಾಗಿ ಹೇಗೆ ಮಾತಾಡ್ತೀರಿ? ಬೇಕಲ ನೋಡಬೇಕು, ತೆಯ್ಯಂ ನೋಡಬೇಕು. ಅಲ್ಲಿನವರ ಹಬ್ಬ ನಿಮಗೆ ಅರ್ಥ ಆಗತ್ತಾ?" ಎಂದು ಕೇಳಿದ್ದೀರಿ. ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು ಮಾರಾಯ್ರೆ. ಬೇಕಲ ಇರುವ ನಮ್ಮ ಕಾಸರಗೋಡು 1956ರ ಅಕ್ಟೋಬರ್ 31ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮರುದಿನ ಕೇರಳಕ್ಕೆ ಸೇರಿತು. 1984ರ ಮೇ 24ಕ್ಕೆ ತಾನೇ ಒಂದು ಜಿಲ್ಲೆಯಾಯಿತು. ಗಡಿಗೆರೆ ಬದಲಾಯಿತು, ಮನೆಯೊಳಗಿನ ಮಾತು ಬದಲಾಗಲಿಲ್ಲ. ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರ, ಕಯ್ಯಾರ ಕಿಞ್ಞಣ್ಣ ರೈಗಳ ಪೆರಡಾಲ, ತೆಂಕುತಿಟ್ಟು ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಎಲ್ಲವೂ ಇದೇ ಜಿಲ್ಲೆಯಲ್ಲಿ ಉಂಟು. ಕನ್ನಡ ಇಲ್ಲಿ ಯಾರೋ ಚೆನ್ನಾಗಿ ಕಲಿತುಕೊಂಡ ಭಾಷೆಯಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಉದ್ದವಾಗುತ್ತದೆ. ಇಲ್ಲಿ ಊರಿಗೆ ಎರಡು ಹೆಸರು, ತಿಂಗಳಿಗೆ ಎರಡು ಹೆಸರು, ದೈವಕ್ಕೂ ಎರಡು ಹೆಸರು. ನಿಮ್ಮ ಪ್ರವಾಸ ಕೆಡುವುದಿದ್ದರೆ ಇಲ್ಲಿಯೇ ಕೆಡುತ್ತದೆ. ನಮಗೆ ನಿತ್ಯ ತಲೆನೋವಾಗಿರುವುದೂ ಇದೇ.

ಊರಿನಿಂದ ಶುರುಮಾಡುವ. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ತಲಪಾಡಿ ದಾಟಿದ ಮೇಲೆ ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆ, ಮೊಗ್ರಾಲ್, ಮತ್ತೆ ಕಾಸರಗೋಡು. ಸ್ವಂತ ಕಾರಿನಲ್ಲಿ ಬರುವವರು ಹೊಸ ಆರು ಪಥದ ರಸ್ತೆಯಲ್ಲಿ ಮೇಲಿನಿಂದಲೇ ಬಂದರೆ ಪೇಟೆ ದಾಟಿದ್ದೇ ಗೊತ್ತಾಗುವುದಿಲ್ಲ. ಊರು ಬರುವ ಮೊದಲೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಬಸ್ಸಿಗೆ ಎರಡು ರಾಜ್ಯದ ಸರಕಾರಿ ಬಸ್ಸುಗಳೂ ಉಂಟು, ಇಲ್ಲಿಯವರೆಗೆ ಕಷ್ಟವಿಲ್ಲ.

ಕಾಸರಗೋಡಿನಿಂದ ತೆಂಕಕ್ಕೆ, ಅಂದರೆ ದಕ್ಷಿಣಕ್ಕೆ, ಕಾಞಂಗಾಡಿಗೆ ಹೋಗಲು ಎರಡು ದಾರಿ. ಒಂದು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಕಳನಾಡು, ಉದುಮ, ಪಳ್ಳಿಕೆರೆ ಮೂಲಕ ಕಡಲ ಪಕ್ಕದಲ್ಲಿ ಹೋಗುವುದು. ಇನ್ನೊಂದು ರಾಷ್ಟ್ರೀಯ ಹೆದ್ದಾರಿಯಲ್ಲಿ ಚೆರ್ಕಳ, ಪೊಯಿನಾಚಿ, ಪೆರಿಯ ಎಂದು ಒಳಗಿನಿಂದ ಸುತ್ತುವುದು. ಬೇಕಲ ಕೋಟೆ ಇರುವುದು ಮೊದಲನೆಯ ದಾರಿಯಲ್ಲಿ. ಎರಡೂ ಬಸ್ಸಿನ ಹಣೆಯಲ್ಲಿ ಕಾಞಂಗಾಡು ಎಂದೇ ಇರುತ್ತದೆ. ಯಾವ ದಾರಿ ಎಂಬುದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಬಹುಪಾಲು ಮಲಯಾಳದಲ್ಲಿ. ಆದ ಕಾರಣ ಹತ್ತುವ ಮೊದಲು "ಚಂದ್ರಗಿರಿ ದಾರಿಯಾ?" ಎಂದು ನಿರ್ವಾಹಕರಲ್ಲಿ ಕೇಳಲೇಬೇಕು. ಕೇಳದೆ ಹತ್ತಿ ಪೆರಿಯದಲ್ಲಿ ಇಳಿದವರು ಆಟೋ ಹಿಡಿದು ಕಡಲ ಕಡೆಗೆ ವಾಪಸು ಬರಬೇಕಾಗುತ್ತದೆ. ರೈಲಿಗಾದರೆ ಪಳ್ಳಿಕೆರೆಯಲ್ಲಿರುವ ನಿಲ್ದಾಣದ ಹೆಸರೇ ಬೇಕಲ್ ಫೋರ್ಟ್, ಆದರೆ ಹೆಚ್ಚಿನ ಎಕ್ಸ್‌ಪ್ರೆಸ್ ರೈಲುಗಳು ನಿಲ್ಲುವುದು ಕಾಸರಗೋಡು ಮತ್ತು ಕಾಞಂಗಾಡಿನಲ್ಲಿ. ನೀಲೇಶ್ವರದ ಹತ್ತಿರ ಇನ್ನೊಂದು ಪಳ್ಳಿಕೆರೆ ಉಂಟು, ನಕ್ಷೆಯಲ್ಲಿ ಅದನ್ನು ಒತ್ತಿಬಿಟ್ಟರೆ ಕೋಟೆಯನ್ನು ದಾಟಿ ಬಹಳ ದೂರ ಹೋಗುತ್ತೀರಿ.

ಹೆಸರಿನ ಗೊಂದಲ ಇಷ್ಟಕ್ಕೆ ನಿಲ್ಲುವುದಿಲ್ಲ. ಹೊಸದುರ್ಗ ಎಂದು ಕನ್ನಡದಲ್ಲಿ ಹುಡುಕಿದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ಬರುತ್ತದೆ. ನಮ್ಮ ಹೊಸದುರ್ಗ ತಾಲೂಕಿನ ಹೆಸರು, ಅದರ ಪೇಟೆ ಕಾಞಂಗಾಡು, ಕೋಟೆ ಇರುವ ಜಾಗವನ್ನು ಮಲಯಾಳದಲ್ಲಿ ಪುದಿಯಕೋಟ ಎನ್ನುತ್ತಾರೆ. ಮಧೂರು ಎಂದರೆ ಮಂಡ್ಯದ ಮದ್ದೂರು ಎಂದುಕೊಳ್ಳುವವರು ಇದ್ದಾರೆ. ಅನಂತಪುರ ಎಂದರೆ ಆಂಧ್ರದ್ದು, ಚಂದ್ರಗಿರಿ ಎಂದರೆ ತಿರುಪತಿಯ ಪಕ್ಕದ್ದು ಅಥವಾ ಶ್ರವಣಬೆಳಗೊಳದ ಬೆಟ್ಟ. ಕುಂಬಳೆ ಮಾತ್ರ ಬೆಂಗಳೂರಿನವರಿಗೆ ಕೂಡಲೇ ಗೊತ್ತಾಗುತ್ತದೆ, ಅನಿಲ್ ಕುಂಬ್ಳೆಯವರ ಹೆಸರಿನಲ್ಲಿರುವುದು ಈ ಊರೇ. ಆ ಕುಂಬಳೆಯೂ ಬೋರ್ಡಿನಲ್ಲಿ ಕುಂಬ್ಳ, ರೈಲಿನಲ್ಲಿ ಕುಂಬಳ.

ಮಲಯಾಳ ಲಿಪಿಗೆ ಹೋಗುವಾಗ ಉಚ್ಚಾರ ಸ್ವಲ್ಪ ಬಾಗುವುದು ಸಹಜ. ಅದಕ್ಕೆ ಯಾರದ್ದೂ ತಕರಾರಿಲ್ಲ. ತಕರಾರು ಇರುವುದು ಹೆಸರಿನ ಒಳಗಿನ ಅರ್ಥವೇ ಅಳಿಸಿಹೋಗುವಲ್ಲಿ. ತುಳುವಿನಲ್ಲಿ ಅಡ್ಕ ಎಂದರೆ ಬಯಲಾಗಿ ಹರಡಿದ ಒಣ ನೆಲ. ಬದಿಯಡ್ಕ, ಕಾರಡ್ಕ, ಬೇಡಡ್ಕ ಎಂಬ ಹೆಸರು ಕೇಳಿದರೆ ಸಾಕು, ಆ ಜಾಗ ಹೇಗಿದೆ ಎಂದು ಕಣ್ಣಿಗೆ ಕಟ್ಟುತ್ತದೆ. ಕಾರಡ್ಕವನ್ನು ಕಾಡಗಂ, ಬೇಡಡ್ಕವನ್ನು ಬೇಡಗಂ ಎಂದು ಬರೆದಾಗ ಆ ನೆಲ ಹೆಸರಿನಿಂದ ಹೋಗಿಬಿಟ್ಟಿತು. ಪಿಲಿಕುಂಜೆಯ ಪಿಲಿ ತುಳುವಿನ ಹುಲಿ, ಅದು ಪುಲಿಕ್ಕುನ್ನ್ ಆಗುವಾಗ ಹುಲಿ ಹೇಗೋ ಉಳಿಯಿತು, ಭಾಷೆ ಉಳಿಯಲಿಲ್ಲ. ನೆಲ್ಲಿಕುಂಜೆ ನೆಲ್ಲಿಕ್ಕುನ್ನ್ ಆದದ್ದೂ ಹಾಗೆಯೇ. 2021ರಲ್ಲಿ ಈ ವಿಷಯ ಎರಡೂ ರಾಜ್ಯಗಳಲ್ಲಿ ಸುದ್ದಿಯಾಯಿತು, ಹೆಸರು ಬದಲಿಸುವ ಆಲೋಚನೆ ಇಲ್ಲವೆಂದು ಕೇರಳದ ಕಡೆಯಿಂದ ಉತ್ತರವೂ ಬಂತು. ಆದರೆ ಹೆಸರು ಬದಲಾಗಲು ಆಜ್ಞೆ ಬೇಕೆಂದಿಲ್ಲ. ಒಂದು ಬೋರ್ಡು, ಒಂದು ಬಸ್ಸಿನ ಟಿಕೆಟು, ನಕ್ಷೆಯಲ್ಲಿ ಯಾರೋ ಹಾಕಿದ ಒಂದು ಗುರುತು ಸಾಕು. ಅದನ್ನು ನೋಡಿ ಮತ್ತೊಬ್ಬರು ಬರೆಯುತ್ತಾರೆ, ಹತ್ತು ವರ್ಷ ಕಳೆದರೆ ಅದೇ ಮೂಲ ಹೆಸರು ಎಂದಾಗುತ್ತದೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು ಎಂದು ಸ್ಪಷ್ಟವಾಗಿ ಉಂಟು. ಹಕ್ಕು ಪುಸ್ತಕದಲ್ಲಿದೆ; ಅರ್ಜಿ ನಮೂನೆಗೆ, ಬೋರ್ಡಿನ ಎರಡನೆಯ ಸಾಲಿಗೆ ಪ್ರತಿ ಸಲ ಮತ್ತೆ ಕೇಳಬೇಕು.

ನಿಮಗೆ ಇದರಿಂದ ಆಗಬೇಕಾದ ಕೆಲಸ ಇಷ್ಟು. ಹೋಗುವ ಪ್ರತಿ ಜಾಗದ ಹೆಸರನ್ನು ಕನ್ನಡ, ಮಲಯಾಳ ಎರಡೂ ಲಿಪಿಯಲ್ಲಿ ಮೊಬೈಲಿನಲ್ಲಿ ಬರೆದಿಡಿ. ಮಲಯಾಳ ಓದಲು ಬರಬೇಕೆಂದಿಲ್ಲ, ಬೋರ್ಡಿನ ಪಕ್ಕದಲ್ಲಿ ಹಿಡಿದು ಹೋಲಿಸಿದರೆ ಸಾಕು. ನಕ್ಷೆಯಲ್ಲಿ ಹುಡುಕುವಾಗ ಊರಿನ ಹಿಂದೆ ಕಾಸರಗೋಡು ಎಂದು ಸೇರಿಸಿ. ದಾರಿ ಕೇಳುವಾಗ ಹಿಂದಿಯಲ್ಲಿ ತೊಡಗಬೇಡಿ, ಕನ್ನಡದಲ್ಲೇ ಕೇಳಿ. ಚಂದ್ರಗಿರಿ ಹೊಳೆಯ ಬಡಗು ದಿಕ್ಕಿನಲ್ಲಿ ಮರುಮಾತು ಹೆಚ್ಚಾಗಿ ಕನ್ನಡದಲ್ಲೇ ಸಿಗುತ್ತದೆ. ತೆಂಕಿನ ಬೇಕಲ, ಕಾಞಂಗಾಡಿನಲ್ಲಿ ಮಲಯಾಳ ಜಾಸ್ತಿ, ಆದರೂ ನಿಧಾನ ಮಾತಾಡಿದರೆ ಅರ್ಥವಾಗುತ್ತದೆ.

ಬೇಕಲ ಕೋಟೆಯ ಬಗ್ಗೆ ಎರಡು ಮಾತು. ಸುಮಾರು 40 ಎಕರೆಯ ಕೋಟೆ, ಕೆಳದಿ ನಾಯಕರದ್ದು, 17ನೇ ಶತಮಾನದ್ದು. ಮುರಕಲ್ಲಿನಲ್ಲಿ ಕಟ್ಟಿದ್ದು. ಒಳಗೆ ಅರಮನೆ ಎಲ್ಲಿ ಎಂದು ಹುಡುಕುವವರಿಗೆ ನಿರಾಶೆಯಾಗುತ್ತದೆ. ಇದು ಕಡಲನ್ನು ಕಾಯಲು ಕಟ್ಟಿದ ಕೋಟೆ. ನೋಡಬೇಕಾದದ್ದು ನಡುವಿನ ವೀಕ್ಷಣಾ ಗೋಪುರ, ಮೆಟ್ಟಿಲಿರುವ ಕೆರೆ, ಮದ್ದಿನ ಮನೆ, ಕಡಲಿನ ಕಡೆಯ ಕೊತ್ತಲಗಳು. ನೆರಳು ಕಡಿಮೆ, ಹಾಗಾಗಿ ಮಧ್ಯಾಹ್ನ ಬೇಡ, ಮೂರೂವರೆಯ ಮೇಲೆ ಹೋಗಿ. ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಪಾಚಿ ಕಟ್ಟಿ ಕಾಲು ಜಾರುತ್ತದೆ. ಹೊರಬರುವಾಗ ಬಾಗಿಲ ಬಳಿಯ ಆಂಜನೇಯನನ್ನು ನೋಡಿ.

ದೇವಸ್ಥಾನಗಳಿಗೆ ಬೆಳಿಗ್ಗೆ ಹೋಗಬೇಕು. ಮಧ್ಯಾಹ್ನ ಪೂಜೆಯಾಗಿ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆಗೆ. ಗಂಡಸರು ಅಂಗಿ ತೆಗೆದು ಒಳಗೆ ಹೋಗುವುದು ಇಲ್ಲಿನ ಕ್ರಮ. ಕುಂಬಳೆ ಸೀಮೆಯ ನಾಲ್ಕು ದೇವಸ್ಥಾನಗಳನ್ನು ಅಡೂರು, ಮಧೂರು, ಕಾವು, ಕಣ್ಯಾರ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಇದರಲ್ಲಿ ಕಾವು ಎಂದರೆ ಮುಜುಂಗಾವು, ಕಣ್ಯಾರ ಎಂದರೆ ಕುಂಬಳೆ ಪೇಟೆಯ ಕಣಿಪುರ ಗೋಪಾಲಕೃಷ್ಣ. ಮಧೂರು ಕಾಸರಗೋಡಿನಿಂದ 8 ಕಿಲೋಮೀಟರ್. ಹೆಸರುವಾಸಿ ಗಣಪತಿ, ಆದರೆ ಪ್ರಧಾನ ದೇವರು ಮದನಂತೇಶ್ವರ, ಶಿವ. ಮದರು ಎಂಬ ಹೆಂಗಸಿಗೆ ಲಿಂಗ ಸಿಕ್ಕಿದ ಜಾಗವಾದ್ದರಿಂದ ಊರಿಗೆ ಮಧೂರು ಎಂಬ ಹೆಸರು ಬಂತು ಎಂಬುದು ಸ್ಥಳಪುರಾಣ. ಅದನ್ನು ಮಧುರಂ ಎಂದು ಬರೆದರೆ ಆ ಹೆಂಗಸು ಕಥೆಯಿಂದಲೇ ಹೊರಗೆ. ಗಣಪತಿಯನ್ನು ಅಪ್ಪದಿಂದ ಮುಚ್ಚುವ ಮೂಡಪ್ಪ ಸೇವೆ 1992ರ ನಂತರ ನಡೆದದ್ದು 2025ರಲ್ಲಿ, ಹಾಗಾಗಿ ಅದನ್ನು ನೋಡಿಯೇ ಹೋಗುತ್ತೇನೆ ಎಂದು ಕಾಯಬೇಡಿ, ಅಪ್ಪದ ಪ್ರಸಾದ ತೆಗೆದುಕೊಂಡು ಹೋಗಿ. ಅನಂತಪುರ ಸರೋವರ ದೇವಸ್ಥಾನಕ್ಕೆ ಕುಂಬಳೆಯಿಂದ ಬದಿಯಡ್ಕ ರಸ್ತೆಯಲ್ಲಿ ಬಂದು ನಾಯ್ಕಾಪಿನಲ್ಲಿ ಒಳಗೆ ತಿರುಗಬೇಕು. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದೆಂಬ ನಂಬಿಕೆ. ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಹೋಯಿತು, ಮರುವರ್ಷ ನವೆಂಬರ್‌ನಲ್ಲಿ ಇನ್ನೊಂದು ಕಾಣಿಸಿತು. ಮೊಸಳೆ ಕಾಣಲೇಬೇಕೆಂದು ಕೆರೆದಂಡೆಯಲ್ಲಿ ಗದ್ದಲ ಮಾಡುವುದು ಸರಿಯಲ್ಲ.

ಇನ್ನು ತೆಯ್ಯಂ, ಅಂದರೆ ವೇಷ ಕಟ್ಟಿದವರ ಮೈಮೇಲೆ ದೈವ ಬಂದು ಕುಣಿಯುವ ಆರಾಧನೆ, ನಮ್ಮ ಕಡೆಯ ಕೋಲದ ಹಾಗೆ. "ಅಲ್ಲಿನವರ ಹಬ್ಬ" ಎಂದಿರಲ್ಲ, ಅದನ್ನು ಬಿಡಿಸಿ ಹೇಳಬೇಕು. ತೆಂಕಿನವರ ಪಂಜುರುಳಿ ನಮ್ಮ ಪಂಜುರ್ಲಿ. ಗುಳಿಗನ್ ನಮ್ಮ ಗುಳಿಗ. ದೈವದ ಕಥೆಯನ್ನು ಅಲ್ಲಿ ತೋಟ್ಟಂ ಆಗಿ ಹಾಡಿದರೆ ಇಲ್ಲಿ ಪಾಡ್ದನ. ವಿಷ್ಣುಮೂರ್ತಿಯ ಕಥೆಯಂತೂ ಎರಡೂ ಕಡೆಯನ್ನು ಹೊಲಿದ ನೂಲು: ನೀಲೇಶ್ವರದಿಂದ ಓಡಿಹೋದ ಪಾಲಂದಾಯಿ ಕಣ್ಣನ್ ಮಂಗಳೂರಿನಲ್ಲಿ ನರಸಿಂಹನ ಸೇವೆ ಮಾಡಿಕೊಂಡಿದ್ದು, ವರ್ಷಗಳು ಕಳೆದು ಊರಿಗೆ ಮರಳುವಾಗ ದೈವವೂ ಜೊತೆಗೆ ಬಂತು. ಮಂಗಳೂರಿನಿಂದ ಹೋದ ದೈವವನ್ನು ನೀಲೇಶ್ವರದಲ್ಲಿ ಮಲಯಾಳದಲ್ಲಿ ನಂಬುತ್ತಾರೆ, ನಮ್ಮ ಕಡೆ ಅದನ್ನೇ ಒತ್ತೆಕೋಲ ಎಂದು ಕೆಂಡದ ರಾಶಿ ಹಾಕಿ ನಡೆಸುತ್ತೇವೆ. ಇದರಲ್ಲಿ ಯಾರು ಅಲ್ಲಿನವರು, ಯಾರು ಇಲ್ಲಿನವರು? ಮಂಜೇಶ್ವರದ ಹತ್ತಿರ ಉದ್ಯಾವರದಲ್ಲಿ ಜಾತ್ರೆಗೆ ಮೊದಲು ಅರಸು ದೈವಗಳ ಪಾತ್ರಿಗಳು (ಮೈಮೇಲೆ ದೈವ ಬರುವವರು) ಮಸೀದಿಗೆ ಹೋಗಿ ಆಹ್ವಾನ ಕೊಟ್ಟು ಬರುತ್ತಾರೆ. ಆ ಕ್ರಮವೂ ನಮ್ಮದೇ.

ಈಗ ದಿನದ ಲೆಕ್ಕ. ತೆಯ್ಯಂ ಕಾಲ ಸಾಮಾನ್ಯವಾಗಿ ತುಲಾಂ 10ಕ್ಕೆ, ಅಂದರೆ ಅಕ್ಟೋಬರ್ 27ರ ಆಸುಪಾಸಿಗೆ ತೊಡಗುತ್ತದೆ. ನಮ್ಮ ಕಡೆ ಬೇಶ 10ರ ಪತ್ತನಾಜೆಗೆ, ಮೇ 24 ಅಥವಾ 25ಕ್ಕೆ, ಕೋಲವೂ ಯಕ್ಷಗಾನ ಮೇಳಗಳ ತಿರುಗಾಟವೂ ಮುಗಿಯುತ್ತವೆ. ಮಲಯಾಳ ತಿಂಗಳು, ತುಳು ತಿಂಗಳು ಎರಡೂ ಸೂರ್ಯನ ಲೆಕ್ಕ, ಹೆಸರು ಮಾತ್ರ ಬೇರೆ: ತುಲಾಂ ಬೊಂತೆಲ್, ಕುಂಭಂ ಮಾಯಿ, ಮೀನಂ ಸುಗ್ಗಿ, ಮೇಡಂ ಪಗ್ಗು, ಎಡವಂ ಬೇಶ. ನಿಮ್ಮ ಗೋಡೆಯ ಚಾಂದ್ರಮಾನ ಪಂಚಾಂಗದಲ್ಲಿ ಬೇಶ ಎಂದರೆ ವೈಶಾಖವಿರಬೇಕು ಎಂದು ಹುಡುಕಿದರೆ ದಿನ ತಪ್ಪುತ್ತದೆ. ಆಮಂತ್ರಣದಲ್ಲಿ ಕುಂಭ 12 ಎಂದಿದ್ದರೆ ಕುಂಭ ಶುರುವಾಗುವುದು ಫೆಬ್ರವರಿ 13ರ ಹೊತ್ತಿಗೆ, ಹಾಗಾಗಿ 24ರ ಆಸುಪಾಸು. ಒಂದು ದಿನ ಆಚೀಚೆ ಆಗುವುದುಂಟು, ಪಕ್ಕದಲ್ಲಿ ಬರೆದ ಇಂಗ್ಲಿಷ್ ತಾರೀಕು ಮತ್ತು ವಾರ ಎರಡನ್ನೂ ನೋಡಿ. ಮಂಜೇಶ್ವರದ ಷಷ್ಠಿಗೆ ಮಾತ್ರ ಚಾಂದ್ರಮಾನವೇ ಬೇಕು, ಮಾರ್ಗಶಿರದ ಚಂಪಾಷಷ್ಠಿ.

ತಾರೀಕು ಸರಿಯಿದ್ದರೂ ಇನ್ನೊಂದು ತಪ್ಪಾಗುತ್ತದೆ. ಇಲ್ಲಿ ದಿನ ಮುಗಿಯುವುದು ಸೂರ್ಯೋದಯಕ್ಕೆ. ಆಮಂತ್ರಣದಲ್ಲಿ 24ನೇ ತಾರೀಕಿನ ಕೆಳಗೆ "ರಾತ್ರಿ 2ಕ್ಕೆ" ಎಂದಿದ್ದರೆ ಅದು 24ರ ರಾತ್ರಿ ಊಟ ಮಾಡಿ ಹೊರಟು ನೋಡಬೇಕಾದ್ದು. 24ರ ನಸುಕಿಗೆ ಬಂದರೆ ಅಂಗಳ ಖಾಲಿ. ಒತ್ತೆಕೋಲದ ಸಾಲು ಹೀಗಿರುತ್ತದೆ: ಸಂಜೆ ಭಂಡಾರ (ದೈವದ ಆಭರಣ, ಆಯುಧ) ಬರುವುದು, ಮೇಲೇರಿಗೆ ಅಂದರೆ ಕಟ್ಟಿಗೆಯ ರಾಶಿಗೆ ಅಗ್ನಿಸ್ಪರ್ಶ, ರಾತ್ರಿ ಕುಲ್ಚಾಟ ಎಂಬ ವಿಧಿ, ಬೆಳಗಿನ ಜಾವ ವಿಷ್ಣುಮೂರ್ತಿಯ ಅಗ್ನಿಪ್ರವೇಶ, ಮತ್ತೆ ಮಾರಿಕಳ ಎಂಬ ವಿಧಿ, ಪ್ರಸಾದ. ಕಟ್ಟಿಗೆಯ ರಾಶಿ ಉರಿದು ಕೆಂಡವಾಗಲು ಇಡೀ ರಾತ್ರಿ ಬೇಕು. ಹತ್ತು ಗಂಟೆಗೆ ಬಂದು ಬೆಂಕಿ ನೋಡಿ, ಏನೂ ಆಗಲಿಲ್ಲ ಎಂದು ಹೊರಡುವವರು ಮುಖ್ಯವಾದದ್ದನ್ನೇ ಕಳೆದುಕೊಳ್ಳುತ್ತಾರೆ. ಚಪ್ಪಲಿ ಅಂಗಳದ ಹೊರಗೆ ಬಿಡಿ. ಮುಖಕ್ಕೆ ಬರೆಯುತ್ತಿರುವಾಗ, ದೈವದ ನುಡಿ ಆಗುವಾಗ ಫ್ಲ್ಯಾಶ್ ಹಾಕಬೇಡಿ. ಕೆಲವು ಕಡೆ ಫೋಟೊವೇ ಇಲ್ಲ, ಮನೆಯವರಲ್ಲಿ ಮೊದಲೇ ಕೇಳಿ.

ಬರುವ ತಿಂಗಳು ನಿಶ್ಚಯ ಮಾಡಿ ತಿಳಿಸಿ. ಜನವರಿ ಮಧ್ಯದಲ್ಲಾದರೆ ಕುಂಬಳೆ ದೇವಸ್ಥಾನದ ಆಯನ (ವರ್ಷದ ಜಾತ್ರೆ), ಬೆಡಿ (ಸಿಡಿಮದ್ದು) ಸಿಗುತ್ತದೆ. ಫೆಬ್ರವರಿ, ಮಾರ್ಚ್ ಕೋಲಕ್ಕೆ ಒಳ್ಳೆಯದು. ಜುಲೈ ಕೊನೆಗಲ್ಲದೆ ರಜೆ ಇಲ್ಲ ಎಂದಾದರೆ ಕೋಲ ಇರುವುದಿಲ್ಲ, ಆದರೆ ಆಟಿ ತಿಂಗಳ ಮಾರಿ ಕಳೆಯಲು ಆಟಿಕಳಂಜ ಮನೆಮನೆಗೆ ಬರುತ್ತಾನೆ. ಹೊಳೆಯ ತೆಂಕಿನಲ್ಲಿ ಯಾರಲ್ಲಾದರೂ ವಿಚಾರಿಸುವುದಾದರೆ ಗಳಿಂಜನ್ ಯಾವಾಗ ಬರುತ್ತಾನೆ ಎಂದು ಕೇಳಿ. ಕಳಂಜ ಎಂದರೆ ಅವರಿಗೆ ಗೊತ್ತಾಗದೆ ಹೋಗಬಹುದು.